ಬೀದಿಗೆ ಬೆಳಕಿರಲಿ, ಗುಡಾರದ ಮಕ್ಕಳಿಗೆ ಕತ್ತಲೆ ಸಿಗಲಿ

ಕೋರದ ಸುತ್ತಮುತ್ತ ಗುಡಾರಗಳಲ್ಲಿ ಸಂಸಾರ ಮಾಡುವವರ ಮಕ್ಕಳಿಗೆ ರಾತ್ರಿ ಮಲಗಲು ಕತ್ತಲೆ ಬೇಕು ಎಂದು ನಾನು ಹೇಳಿದ್ದು ಹಲವರಿಗೆ ಹಿಡಿಸಿಲ್ಲ. ನಾನು ಕೇಳಿದ್ದು ಎರಡೇ ಸಂಗತಿ. ಮಳೆಗಾಲಕ್ಕೆ ಮುಂಚೆ ಟಾರ್ಪಾಲು ಹಂಚುವ ದಾನಿಗಳು ಅದರ ಜೊತೆ ಒಳಗೆ ಇಳಿಬಿಡಲು ಒಂದು ದಪ್ಪನೆಯ, ಗಾಢ ಬಣ್ಣದ ಬಟ್ಟೆಯನ್ನೂ ಕೊಡಲಿ. ಗುಡಾರಗಳ ನೆತ್ತಿಗೆ ನೇರವಾಗಿ ಬೀಳುವ ದೀಪಗಳಿಗೆ ಒಂದು ತಗಡಿನ ಮರೆ ಹಾಕಲಿ, ಇಲ್ಲವೇ ಅವುಗಳ ಮುಖವನ್ನು ರಸ್ತೆಯ ಕಡೆಗೆ ತಿರುಗಿಸಲಿ. ಇಷ್ಟಕ್ಕೆ ಬಂದ ಆಕ್ಷೇಪಗಳು ಒಂದೆರಡಲ್ಲ. ಕೆಲವು ತಿಳಿವಳಿಕೆಯಿಂದ ಬಂದವು, ಕೆಲವು ಭಯದಿಂದ, ಒಂದೆರಡು ತಾತ್ಸಾರದಿಂದ. ಎಲ್ಲಕ್ಕೂ ಉತ್ತರ ಕೊಡಬೇಕಾಗಿದೆ, ಏಕೆಂದರೆ ನಡುವೆ ನಿದ್ದೆಗೆಡುತ್ತಿರುವವರು ಮೂರು ನಾಲ್ಕು ವರ್ಷದ ಮಕ್ಕಳು.

ಮೊದಲು ಯಾರ ಮಾತು ಆಡುತ್ತಿದ್ದೇವೆ ಎಂಬುದು ಸ್ಪಷ್ಟವಾಗಲಿ. ಕೋರ ತುಮಕೂರು ತಾಲ್ಲೂಕಿನ ಹೋಬಳಿ ಕೇಂದ್ರ. ಹಳೆಯ ನಾಲ್ಕನೇ ನಂಬರಿನ, ಈಗಿನ 48ನೇ ರಾಷ್ಟ್ರೀಯ ಹೆದ್ದಾರಿಯ ಸೀಮೆ ಇದು. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಇಲ್ಲೇ ಬೆಳೆಯುತ್ತಿದೆ. 2014ರ ಸೆಪ್ಟೆಂಬರ್ 24ರಂದು ಪ್ರಧಾನಿಯೇ ಬಂದು ಅಲ್ಲಿನ ಫುಡ್ ಪಾರ್ಕ್ ಉದ್ಘಾಟಿಸಿದರು. ಕಾರ್ಖಾನೆ ಬಂದ ಕಡೆ ಕಟ್ಟಡದ ಕೆಲಸ ಬರುತ್ತದೆ, ಕೆಲಸ ಬಂದ ಕಡೆ ದೂರದ ಜಿಲ್ಲೆಗಳ, ದೂರದ ರಾಜ್ಯಗಳ ಕೂಲಿಗಳು ಹೆಂಡತಿ ಮಕ್ಕಳೊಡನೆ ಬಂದು ಶೀಟು, ಟಾರ್ಪಾಲು ಕಟ್ಟಿಕೊಂಡು ಉಳಿಯುತ್ತಾರೆ. ಇವರಲ್ಲದೆ ಊರಿಂದೂರಿಗೆ ಹೋಗುವ ಅಲೆಮಾರಿಗಳ ಗುಡಾರಗಳಿವೆ. ಸುಗ್ಗಿ ಮುಗಿದ ಹೊಲಗಳಲ್ಲಿ ಮಂದೆ ತರುಬುವ ಕುರಿಗಾಹಿಗಳೂ ಬರುತ್ತಾರೆ, ಆದರೆ ಅವರು ಹೊಲದ ನಡುವೆ ಇರುವುದರಿಂದ ಅವರ ಮಕ್ಕಳಿಗೆ ನಕ್ಷತ್ರಗಳ ಕೆಳಗಿನ ನಿಜವಾದ ರಾತ್ರಿ ಸಿಗುತ್ತದೆ. ಕಷ್ಟ ಇರುವುದು ರಸ್ತೆಬದಿಯವರಿಗೆ, ಕಾಮಗಾರಿಯ ಬೇಲಿಯ ಪಕ್ಕದವರಿಗೆ, ಹೈಮಾಸ್ಟ್ ಕಂಬದ ಬುಡದವರಿಗೆ.

“ಇದೆಲ್ಲ ಫಾರಿನ್ ಶೋಕಿ” ಎಂದರು ಒಬ್ಬರು. ಕತ್ತಲೆ ಗುಡಾರ ಎಂಬುದು ಯುರೋಪಿನವರು ರಜೆಗೆ ಕ್ಯಾಂಪಿಂಗ್ ಹೋಗುವಾಗ ಕೊಳ್ಳುವ ವಸ್ತು, ನಮಗೇಕೆ ಎಂಬುದು ಅವರ ವಾದ. ಅದು ಅಲ್ಲಿ ಮಾರಾಟವಾಗುವುದು ನಿಜ, ಅದಕ್ಕೆ ಕಾರಣವೂ ಇದೆ. ಎಡಿನ್‌ಬರ್ಗ್‌ನಂಥ ಊರಿನಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತು ಗಂಟೆ, ಮತ್ತೆ ಹುಟ್ಟುವಾಗ ನಾಲ್ಕೂವರೆಯೂ ಆಗಿರುವುದಿಲ್ಲ. ಅಲ್ಲಿರುವ ನಮ್ಮ ಕನ್ನಡದ ಸಂಸಾರಗಳೂ ಮಕ್ಕಳನ್ನು ಮಲಗಿಸಲು ಕಿಟಕಿಗೆ ಕಪ್ಪು ಪರದೆ ಹಾಕುತ್ತವೆ. ಕೋರ ಇರುವುದು ಸುಮಾರು ಹದಿಮೂರೂವರೆ ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ವರ್ಷದ ಅತಿ ದೊಡ್ಡ ಹಗಲಿನಲ್ಲೂ ಏಳು ಗಂಟೆಯೊಳಗೆ ಸೂರ್ಯ ಮುಳುಗಿರುತ್ತಾನೆ. ಅಂದರೆ ನಮ್ಮ ಮಕ್ಕಳಿಗೆ ಬೇಕಾದ ಕತ್ತಲೆಯನ್ನು ಪ್ರಕೃತಿ ದಿನವೂ ಹೊತ್ತಿಗೆ ಸರಿಯಾಗಿ ಕೊಡುತ್ತಿದೆ, ಅದನ್ನು ಕಿತ್ತುಕೊಳ್ಳುತ್ತಿರುವುದು ನಾವು ನೆಟ್ಟ ಕಂಬ. ಅವರದು ಸೂರ್ಯನ ಸಮಸ್ಯೆ, ನಮ್ಮದು ದೀಪದ ಸಮಸ್ಯೆ. ಸೂರ್ಯನನ್ನು ತಿರುಗಿಸಲಾಗದು, ದೀಪವನ್ನು ತಿರುಗಿಸಬಹುದು.

ಈ ದೀಪಗಳ ಬಗೆಯೂ ಬದಲಾಗಿದೆ. ಹಿಂದೆ ಬೀದಿಯಲ್ಲಿ ಇದ್ದದ್ದು ಸೋಡಿಯಂ ದೀಪದ ಕಿತ್ತಳೆ ಬೆಳಕು. 2015ರ ಜನವರಿ 5ರಂದು ಕೇಂದ್ರ ಸರ್ಕಾರ ಬೀದಿದೀಪಗಳನ್ನು ಎಲ್‌ಇಡಿಗೆ ಬದಲಿಸುವ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ವಿದ್ಯುತ್ ಉಳಿಯಿತು, ಅದು ಒಳ್ಳೆಯ ಕೆಲಸವೇ. ಆದರೆ ಬಿಳಿ ಎಲ್‌ಇಡಿಯಲ್ಲಿ ನೀಲಿ ಬೆಳಕಿನ ಪಾಲು ಹೆಚ್ಚು, ಮತ್ತು ನಮ್ಮ ಗುಡಾರಗಳಿಗೆ ಹೊದಿಸುವ ಟಾರ್ಪಾಲೂ ಬಹುಪಾಲು ನೀಲಿಯದೇ. ನೀಲಿ ಹಾಳೆ ನೀಲಿ ಬೆಳಕನ್ನು ಒಳಗೆ ಬಿಡುತ್ತದೆ. ರಾತ್ರಿ ಹೊತ್ತು ಅಂಥ ಗುಡಾರದೊಳಗೆ ಕೂತು ನೋಡಿದವರಿಗೆ ಗೊತ್ತು, ಒಳಗೆಲ್ಲ ಒಂದು ತಣ್ಣನೆಯ ನೀಲಿ ಬೆಳಗು ತುಂಬಿರುತ್ತದೆ, ಮಲಗಿದವರ ಮುಖ ಗುರುತು ಹಿಡಿಯುವಷ್ಟು.

ಎರಡನೆಯ ಆಕ್ಷೇಪ ನನಗೆ ಎಲ್ಲಕ್ಕಿಂತ ನೋವು ಕೊಟ್ಟಿದ್ದು: “ಕೂಲಿಯವರ ಮಕ್ಕಳು ದಣಿದಿರುತ್ತವೆ, ಎಲ್ಲಿ ಬಿದ್ದರೂ ನಿದ್ದೆ ಬರುತ್ತೆ. ಅವಕ್ಕೆ ರೂಢಿ.” ಬಡವರ ದೇಹ ಬೇರೆ ಮಣ್ಣಿನಿಂದ ಆಗಿದೆ ಎಂಬ ಈ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿದೆ! ರೂಢಿಯಾಗುವುದು ಮನಸ್ಸಿಗೆ, ಕಣ್ಣಿನ ನರಕ್ಕಲ್ಲ. ಕಣ್ಣಿನ ಹಿಂಪೊರೆಯಲ್ಲಿ, ನೋಡುವುದಕ್ಕೆಂದು ಇರುವ ಜೀವಕೋಶಗಳಲ್ಲದೆ, ಹಗಲೋ ಇರುಳೋ ಎಂದು ಮೆದುಳಿಗೆ ತಿಳಿಸುವ ಬೇರೆ ಕೋಶಗಳಿವೆ. ಅವು ಹೆಚ್ಚು ಸ್ಪಂದಿಸುವುದು ನೀಲಿ ಬೆಳಕಿಗೆ. ಅಲ್ಲಿಂದ ‘ಇನ್ನೂ ಹಗಲು’ ಎಂಬ ಸುದ್ದಿ ಹೋಗುತ್ತಿರುವಷ್ಟು ಹೊತ್ತು, ನಿದ್ದೆಗೆ ದೇಹವನ್ನು ಸಿದ್ಧಮಾಡುವ ಮೆಲಟೋನಿನ್ ಸರಿಯಾಗಿ ಸ್ರವಿಸುವುದಿಲ್ಲ. ಮಕ್ಕಳ ಕಣ್ಣಿನ ಮಸೂರ ದೊಡ್ಡವರದಕ್ಕಿಂತ ತಿಳಿ, ಪಾಪೆ ದೊಡ್ಡದು. ಹಾಗಾಗಿ ಅದೇ ದೀಪ ಮಗುವಿನ ಕಣ್ಣೊಳಗೆ ಹೆಚ್ಚು ಇಳಿಯುತ್ತದೆ.

ಇದು ಊಹೆಯಲ್ಲ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು 3ರಿಂದ 5 ವರ್ಷದ 36 ಮಕ್ಕಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ಮಲಗುವುದಕ್ಕೆ ಮುಂಚಿನ ಒಂದು ಗಂಟೆಯಲ್ಲಿ 5ರಿಂದ 40 ಲಕ್ಸ್‌ನಷ್ಟು ಮಂದ ಬೆಳಕು ಕಣ್ಣಿಗೆ ಬಿದ್ದಾಗಲೂ ಮೆಲಟೋನಿನ್ ಸರಾಸರಿ ಶೇ. 78ರಷ್ಟು ಕುಸಿಯಿತು. ಹುಣ್ಣಿಮೆಯ ಬೆಳದಿಂಗಳು ಕಾಲು ಲಕ್ಸ್‌ನ ಆಸುಪಾಸಿನಲ್ಲಿರುತ್ತದೆ. ಬೀದಿದೀಪದ ಬುಡದಲ್ಲಿ ಹತ್ತಿಪ್ಪತ್ತು ಲಕ್ಸ್ ಇರುವುದು ಸಾಮಾನ್ಯ. ಆ ಪ್ರಯೋಗದ ಮಕ್ಕಳು ಕಣ್ಣು ಬಿಟ್ಟುಕೊಂಡು ಬೆಳಕಿನ ಮುಂದೆ ಕೂತಿದ್ದರು, ರೆಪ್ಪೆ ಮುಚ್ಚಿದ ಮೇಲೆ ಒಳಗೆ ಹೋಗುವ ಬೆಳಕು ತೀರ ಕಡಿಮೆ, ಇದನ್ನು ಒಪ್ಪುತ್ತೇನೆ. ಆದರೆ ನಾನು ಹೇಳುತ್ತಿರುವುದೂ ಆ ಮುಂಚಿನ ಗಂಟೆಯ ಮಾತೇ. ಸಂಜೆ ಗುಡಾರದ ಮುಂದೆ, ಗುಡಾರದ ಒಳಗೆ, ಕಂಬದ ಬೆಳಕಲ್ಲೇ ಉಂಡು ಆಡಿ ಹಾಸಿಗೆಗೆ ಹೋಗುವ ಮಗುವಿಗೆ ರಾತ್ರಿಯಾಯಿತು ಎಂಬ ಸೂಚನೆಯೇ ಸಿಗುವುದಿಲ್ಲ. ಅದು ಹತ್ತು ಗಂಟೆಗೆ ಮಲಗುತ್ತದೆ, ಮಧ್ಯೆ ಲಾರಿಯ ಹೆಡ್‌ಲೈಟಿಗೆ ಎಚ್ಚರಗೊಳ್ಳುತ್ತದೆ, ಅಪ್ಪ ಅಮ್ಮ ಕೆಲಸಕ್ಕೆ ಹೊರಡುವ ಹೊತ್ತಿಗೆ ಐದೂವರೆಗೇ ಏಳಬೇಕಾಗುತ್ತದೆ. ಮೂರು ನಾಲ್ಕು ವರ್ಷದ ಮಗುವಿಗೆ ಹಗಲಿನ ಜೊಂಪೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಲೆಕ್ಕ ಹಾಕಿದರೆ ಎಷ್ಟು ಕೊರತೆ ಬೀಳುತ್ತದೆ ಎಂದು ಯಾರಿಗಾದರೂ ತಿಳಿಯುತ್ತದೆ. ಬೆಳಗ್ಗೆ ಅಂಗನವಾಡಿಯಲ್ಲಿ ತೂಕಡಿಸುವ ಮಗುವನ್ನು ಮಂದ ಬುದ್ಧಿಯದೆಂದು ಕರೆಯುವ ಮುಂಚೆ ಅದು ರಾತ್ರಿ ಎಲ್ಲಿ ಮಲಗಿತ್ತು ಎಂದು ಕೇಳಿ.

ನನ್ನ ಪರವಾಗಿ ಮಾತಾಡಿದವರಲ್ಲೊಬ್ಬರು, ದೀಪ ಹಚ್ಚಿ ಮಲಗಿಸಿದರೆ ಮಕ್ಕಳ ದೃಷ್ಟಿ ಹೋಗುತ್ತದೆ ಎಂದೂ ಸೇರಿಸಿದರು. ಆ ಮಾತು ಬೇಡ. 1999ರಲ್ಲಿ ಅಂಥದ್ದೊಂದು ಅಧ್ಯಯನ ಬಂದದ್ದು ಹೌದು, ಮರುವರ್ಷವೇ ಬೇರೆ ಸಂಶೋಧಕರು ಪರಿಶೀಲಿಸಿದಾಗ ಅಂಥ ಸಂಬಂಧ ಕಾಣಲಿಲ್ಲ. ನಿದ್ದೆಯ ಕಾರಣವೊಂದೇ ಸಾಕಷ್ಟು ದೊಡ್ಡದು, ಅದಕ್ಕೆ ಸುಳ್ಳಿನ ಆಸರೆ ಬೇಕಿಲ್ಲ.

ಹಿರಿಯರೊಬ್ಬರು ಹಳೆಯ ಕಾಲವನ್ನು ನೆನೆದರು. ಬಯಲಾಟದ ಗ್ಯಾಸ್‌ಲೈಟಿನ ಎದುರಿಗೇ, ಗುಬ್ಬಿ ಕಂಪನಿಯ ನಾಟಕದ ಡೇರೆಯೊಳಗೇ ತಾಯಂದಿರ ಮಡಿಲಲ್ಲಿ ಮಕ್ಕಳು ಮಲಗುತ್ತಿರಲಿಲ್ಲವೇ ಎಂದರು. ಮಲಗುತ್ತಿದ್ದವು. ಅದು ಜಾತ್ರೆಯ ಒಂದು ರಾತ್ರಿ, ನಾಟಕದ ಒಂದು ರಾತ್ರಿ. ಮಾರನೆಯ ದಿನ ಮನೆಯ ಕತ್ತಲ ನಡುಮನೆಯಲ್ಲಿ ಆ ನಿದ್ದೆ ತೀರುತ್ತಿತ್ತು. ಹೈಮಾಸ್ಟ್ ದೀಪಕ್ಕೆ ಮಂಗಳಾರತಿಯಾಗುವ ಹೊತ್ತೇ ಇಲ್ಲ, ಅದು ವರ್ಷವಿಡೀ ಉರಿಯುತ್ತದೆ. ಡೇರೆಯ ಮಾತು ಬಂದಿದ್ದರಿಂದ ಹೇಳುತ್ತೇನೆ: ನಮ್ಮ ಹಳ್ಳಿಗಳ ಟೂರಿಂಗ್ ಟಾಕೀಸಿನವರು ಮೊದಲ ಆಟಕ್ಕೆ ಹೊತ್ತು ಮುಳುಗುವವರೆಗೆ ಕಾಯುತ್ತಿದ್ದರು, ಏಕೆಂದರೆ ಬಟ್ಟೆಯ ಡೇರೆ ಬೆಳಕನ್ನು ತಡೆಯಲಾರದೆಂದು ಅವರಿಗೆ ಗೊತ್ತಿತ್ತು. ಪರದೆಯ ಮೇಲಿನ ಚಿತ್ರಕ್ಕೆ ಕತ್ತಲೆ ಬೇಕೆಂದು ಒಪ್ಪಿದ ನಾವು ಮಗುವಿನ ನಿದ್ದೆಗೆ ಬೇಕೆಂದರೆ ಒಪ್ಪುವುದಿಲ್ಲ.

ಹಾವಿನ ಭಯ ಹೇಳಿದವರ ಮಾತನ್ನು ನಾನು ಹಗುರವಾಗಿ ತಳ್ಳುವುದಿಲ್ಲ. ನೆಲದ ಮೇಲೆ ಮಲಗುವವರಿಗೆ ಹಾವು ನಿಜವಾದ ಅಪಾಯ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ಆದರೆ ದೀಪ ಹಾವನ್ನು ಓಡಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ದೀಪಕ್ಕೆ ಹುಳು ಬರುತ್ತದೆ, ಹುಳುವಿಗೆ ಕಪ್ಪೆ ಹಲ್ಲಿ ಬರುತ್ತವೆ, ಅವುಗಳ ಹಿಂದೆ ಹಾವು ಬರುತ್ತದೆ. ಚೆಲ್ಲಿದ ಕಾಳು, ಅನ್ನ ಇಲಿಯನ್ನು ಕರೆಯುತ್ತದೆ, ಇಲಿ ಹಾವನ್ನು. ರಾತ್ರಿ ಸಂಚರಿಸಿ, ನೆಲದ ಮೇಲೆ ಮಲಗಿದವರನ್ನು ಕಚ್ಚುವ ಕಟ್ಟುಹಾವಿಗೆ ತಡೆ ಯಾವುದೆಂದರೆ ಹಾಸಿಗೆಯ ಅಡಿಗೆ ಸುತ್ತಲೂ ಸಿಕ್ಕಿಸಿದ ಸೊಳ್ಳೆಪರದೆ, ಸಾಧ್ಯವಾದರೆ ಒಂದು ಮಂಚ, ಮತ್ತು ಹೊರಗೆ ಕಾಲಿಡುವಾಗ ಕೈಯಲ್ಲಿ ಟಾರ್ಚು. ಟಾರ್ಪಾಲಿನ ಜೊತೆ ಸೊಳ್ಳೆಪರದೆಯನ್ನೂ ಕೊಡುವ ದಾನಿ ಸಿಕ್ಕರೆ ನಾನು ಕೈಮುಗಿಯುತ್ತೇನೆ.

ಹೆಣ್ಣುಮಕ್ಕಳ ಸುರಕ್ಷತೆಯ ಪ್ರಶ್ನೆ ಎತ್ತಿದವರು ಹೆಂಗಸರೇ. “ಎಷ್ಟು ಅರ್ಜಿ ಕೊಟ್ಟ ಮೇಲೆ ಒಂದು ದೀಪ ಬಂದಿದೆ, ಅದನ್ನೂ ತೆಗೆಸ್ತೀರಾ?” ಎಂದು ಕೇಳಿದರು. ಕೇಳಿದ್ದು ಸರಿ. ಉತ್ತರ ಸ್ಪಷ್ಟವಾಗಿ ಕೊಡುತ್ತೇನೆ: ಒಂದು ದೀಪವನ್ನೂ ತೆಗೆಸಬೇಡಿ. ಶೌಚಾಲಯದ ದಾರಿಗೆ, ನೀರಿನ ನಲ್ಲಿಯ ಹತ್ತಿರ, ರಸ್ತೆ ದಾಟುವಲ್ಲಿ ಬೆಳಕು ಇನ್ನೂ ಬೇಕು. ನಾನು ಕೇಳುವುದು ಹೊರಗಿನ ಕತ್ತಲೆಯಲ್ಲ, ಒಳಗಿನ ಕತ್ತಲೆ. ದೀಪಕ್ಕೆ ಗುಡಾರದ ಕಡೆ ಒಂದು ತಗಡಿನ ಮರೆ ಕೊಟ್ಟರೆ ಬೆಳಕು ಕಡಿಮೆಯಾಗುವುದಿಲ್ಲ, ಬೀಳಬೇಕಾದ ನೆಲದ ಮೇಲೆ ಬೀಳುತ್ತದೆ. ಕಣ್ಣಿಗೆ ನೇರ ಹೊಡೆಯುವ ದೀಪದ ಹಿಂದೆ ಯಾರು ನಿಂತಿದ್ದಾರೆ ಎಂಬುದು ಕಾಣುವುದಿಲ್ಲ, ಮರೆಯಿರುವ ದೀಪದಲ್ಲಿ ಮುಖ ಕಾಣುತ್ತದೆ.

ಇನ್ನೊಂದು ವಿಷಯವಿದೆ, ಗಂಡಸರು ಸಭೆಗಳಲ್ಲಿ ಆಡುವುದಿಲ್ಲ. ತೆಳುವಾದ ಟಾರ್ಪಾಲಿನ ಒಳಗೆ ಬಲ್ಬು ಉರಿಯುತ್ತಿದ್ದರೆ ಒಳಗಿರುವವರ ನೆರಳು ಹೊರಗಿನ ಗೋಡೆಯ ಮೇಲೆ ಸಿನಿಮಾದ ಪರದೆಯ ಹಾಗೆ ಮೂಡುತ್ತದೆ. ಸೀರೆ ಬದಲಿಸುವ, ಮಗುವಿಗೆ ಹಾಲೂಡಿಸುವ, ಸ್ನಾನ ಮುಗಿಸಿ ಬರುವ ಹೆಣ್ಣಿನ ನೆರಳು ರಸ್ತೆಯಲ್ಲಿ ಹೋಗುವವರಿಗೆ ಕಾಣುತ್ತದೆ. ಅದಕ್ಕಾಗಿ ದೀಪ ಆರಿಸಿ, ತಡಕಾಡಿ ಕೆಲಸ ಮಾಡಿಕೊಳ್ಳುವವರಿದ್ದಾರೆ. ಒಳಗೆ ದಪ್ಪ ಬಟ್ಟೆಯ ಪದರವಿದ್ದರೆ ಹೊರಗಿನ ಬೆಳಕು ಒಳಗೆ ಬರುವುದಿಲ್ಲ, ಒಳಗಿನ ನೆರಳು ಹೊರಗೆ ಹೋಗುವುದಿಲ್ಲ. ಸುರಕ್ಷತೆಯ ಹೆಸರಿನಲ್ಲಿ ಈ ಬಟ್ಟೆಯನ್ನು ಬೇಡವೆನ್ನುವವರು ಗುಡಾರದ ಒಬ್ಬ ತಾಯಿಯನ್ನು ಕೇಳಿ ನೋಡಲಿ.

ಇನ್ನು ಬಿಸಿಲಿನ ಮಾತು. ಎಲ್ಲ ಆಕ್ಷೇಪಗಳಲ್ಲಿ ಬಲವಾದದ್ದು ಇದೇ, ಇದಕ್ಕೆ ಬರೀ ಮಾತಿನ ಉತ್ತರ ಸಾಲದು. ತುಮಕೂರು ಸೀಮೆಯ ಏಪ್ರಿಲ್‌ನಲ್ಲಿ ಪಾದರಸ 36 ಡಿಗ್ರಿ ದಾಟುತ್ತದೆ. ಕಪ್ಪು ಪ್ಲಾಸ್ಟಿಕ್ ಹೊದಿಸಿದ ಗುಡಾರ ಮಧ್ಯಾಹ್ನ ಒಲೆಯಾಗುತ್ತದೆ. ಹಾಗಿರುವಾಗ ಇನ್ನೊಂದು ಕಪ್ಪು ಬಟ್ಟೆ ಎಂದರೆ ಮಕ್ಕಳು ಬೆಂದುಹೋಗುವುದಿಲ್ಲವೇ? ಹೊರಗೆ ಕಪ್ಪು ಹಾಕಿದರೆ ಖಂಡಿತ ಬೇಯುತ್ತವೆ. ಆದರೆ ಹೊರಗೆ ತಿಳಿ ಬಣ್ಣ, ಒಳಗೆ ಗಾಢ ಬಣ್ಣ, ನಡುವೆ ಗಾಳಿ ಆಡಲು ಒಂದು ಗೇಣು ಜಾಗ ಇದ್ದರೆ ವಿಷಯ ಬೇರೆ. ಹೊರಗಿನ ಬಿಳುಪು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಒಳಗಿನ ಕಪ್ಪು ಉಳಿದ ಬೆಳಕನ್ನು ಹಿಡಿಯುತ್ತದೆ, ನಡುವಿನ ಗಾಳಿ ಕಾವನ್ನು ಮೇಲಕ್ಕೆ ಒಯ್ಯುತ್ತದೆ. ಡೆಕಾತ್ಲಾನ್ ಕಂಪನಿ ‘ಫ್ರೆಶ್ ಅಂಡ್ ಬ್ಲ್ಯಾಕ್’ ಎಂಬ ಹೆಸರಿನಲ್ಲಿ ಮಾರುವ ದುಬಾರಿ ಗುಡಾರದ ಗುಟ್ಟೂ ಇಷ್ಟೇ: ಹೊರಮೈ ಬಿಳಿ, ಒಳಮೈ ಕಪ್ಪು. ನಮಗೆ ಆ ದುಡ್ಡು ಬೇಕಾಗಿಲ್ಲ. ತಿಪಟೂರು, ಗುಬ್ಬಿ, ತುರುವೇಕೆರೆಯಿಂದ ಹಿಡಿದು ಇಡೀ ಜಿಲ್ಲೆ ತೆಂಗಿನ ಸೀಮೆ. ಹೆಣೆದ ಗರಿಯ ತಡಿಕೆಯನ್ನು ಟಾರ್ಪಾಲಿನ ಮೇಲೆ ಹೊದಿಸಿದರೆ ಅದು ಬಿಸಿಲನ್ನೂ ತಡೆಯುತ್ತದೆ, ದೀಪದ ಬೆಳಕನ್ನೂ ತಡೆಯುತ್ತದೆ, ಗಾಳಿಯೂ ಆಡುತ್ತದೆ. ನಮ್ಮ ಮದುವೆಯ ಚಪ್ಪರ ಹಾಕುವವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಗುಡಾರಕ್ಕೆ ಹೊದಿಸಲು ಹಳೆಯ ಫ್ಲೆಕ್ಸ್ ಬಳಸುವವರು ಬಹಳ. ಫ್ಲೆಕ್ಸ್ ರಾಜ್ಯದಲ್ಲಿ 2016ರಿಂದ ನಿಷೇಧಿತವಾದರೂ ಹಳೆಯ ಹಾಳೆಗಳು ಈಗಲೂ ಚಾವಣಿಗಳಾಗಿ ಬಾಳುತ್ತಿವೆ. ಅದರಲ್ಲಿ ನಡುವೆ ಕಪ್ಪು ಪದರವಿರುವ ಒಂದು ಬಗೆಯಿದೆ, ಬೆಳಕಿಗೆ ಹಿಡಿದರೆ ಆಚೆಯದು ಕಾಣುವುದಿಲ್ಲ. ಆಯ್ಕೆ ಇದ್ದರೆ ಅದನ್ನೇ ಆರಿಸಿ, ಬಿಳಿ ಮೈ ಹೊರಗಿರುವಂತೆ ಕಟ್ಟಿ. ಒಲೆಯಿಂದ ದೂರವಿರಲಿ, ಅದು ಹತ್ತಿಕೊಂಡರೆ ಹೊಗೆ ವಿಷ.

ಒಳಗಿನ ಪದರಕ್ಕೆ ನನಗೆ ತಿಳಿದಂತೆ ಕಂಬಳಿಯನ್ನು ಮೀರಿಸಿದ್ದಿಲ್ಲ. ಕುರಿಗಾಹಿಗಳು ಬಿಸಿಲು, ಮಳೆ, ಚಳಿ ಮೂರಕ್ಕೂ ಹೊದೆಯುವ ಕರಿ ಕಂಬಳಿ ಬೆಳಕನ್ನು ಪೂರ್ತಿ ನುಂಗುತ್ತದೆ, ಉಸಿರಾಡುತ್ತದೆ, ಕಿಡಿ ಬಿದ್ದರೆ ನೈಲಾನಿನ ಹಾಗೆ ಕರಗಿ ಮೈಗೆ ಅಂಟುವುದಿಲ್ಲ. ಅದು ಸಿಗದಿದ್ದರೆ ಕೌದಿ, ಹಳೆಯ ಜಮಖಾನ. ಹಳೆಯ ಸೀರೆ ಸಾಲದು, ಎರಡು ಮಡಿಕೆಯಲ್ಲೂ ಬೆಳಕು ಸೋರುತ್ತದೆ. ಗುಡಾರದ ನಾಲ್ಕೂ ಕಡೆ ಮುಚ್ಚಬೇಕಾಗಿಯೂ ಇಲ್ಲ. ದೀಪ ಇರುವ ಕಡೆಗೆ ಒಂದು, ಮಗುವಿನ ತಲೆಯ ಮೇಲೆ ಒಂದು ಸಾಕು. ಕೆಳಗೆ ಒಂದು ಮೊಳ, ಮೇಲೆ ಒಂದು ಗೇಣು ಬಿಡಿ, ಗಾಳಿ ಹೋಗಿ ಬರಲಿ. ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು: ಒಳಗೆ ಕೆಂಡ, ಸೌದೆ, ಇದ್ದಿಲು ಇಟ್ಟುಕೊಂಡು ಗುಡಾರವನ್ನು ಬಿಗಿಯಾಗಿ ಮುಚ್ಚಬೇಡಿ. ಅವುಗಳಿಂದ ಹೊಮ್ಮುವ ವಾಸನೆಯಿಲ್ಲದ ವಿಷಗಾಳಿ ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಚಳಿಗೆ ಹೊದಿಕೆ ಕೊಡಿ, ಕೆಂಡವನ್ನಲ್ಲ.

ಎಷ್ಟು ಕತ್ತಲೆ ಸಾಕು ಎಂದು ಕೇಳಿದವರಿಗೆ ಉತ್ತರ: ದೀಪವೆಲ್ಲ ಉರಿಯುತ್ತಿರುವಾಗ, ಮಗು ತಲೆಯಿಡುವ ಜಾಗದಲ್ಲಿ ಒಂದು ಹಳೆಯ ಪತ್ರಿಕೆ ಹಿಡಿಯಿರಿ. ತಲೆಬರಹ ಓದಲು ಬಂದರೆ ಇನ್ನೊಂದು ಪದರ ಬೇಕು. ಹೊಸದಾಗಿ ಗುಡಾರ ಹಾಕುವವರು ಕಂಬದಿಂದ ಎರಡರಷ್ಟು ದೂರ ಸರಿದರೆ ಬೀಳುವ ಬೆಳಕು ಸುಮಾರು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಬಾಗಿಲನ್ನು ಕಂಬಕ್ಕೆ ಬೆನ್ನುಮಾಡಿ ಇಟ್ಟರಂತೂ ಅರ್ಧ ಕೆಲಸ ಬಟ್ಟೆಯಿಲ್ಲದೆಯೇ ಆದಂತೆ.

ಹಗಲಲ್ಲೂ ಕತ್ತಲೆ ಮಾಡಿದರೆ ಕೂಸಿಗೆ ಹಗಲು ರಾತ್ರಿ ತಲೆಕೆಳಗಾಗುತ್ತದೆ ಎಂದು ಒಬ್ಬ ಅಜ್ಜಿ ಹೇಳಿದರು. ಅವರ ಮಾತು ಪೂರ್ತಿ ಸರಿ. ಹಗಲಿನ ಜೊಂಪಿಗೆ ನೆರಳು ಸಾಕು, ಕತ್ತಲೆ ಬೇಡ. ಬೆಳಗಾಗುತ್ತಲೇ ಬಟ್ಟೆಯನ್ನು ಎತ್ತಿ ಕಟ್ಟಿ, ಎಳೆಬಿಸಿಲು ಮಗುವಿನ ಮುಖಕ್ಕೆ ಬೀಳಲಿ. ದೇಹದ ಗಡಿಯಾರಕ್ಕೆ ಆ ಬೆಳಕೂ ಅಷ್ಟೇ ಮುಖ್ಯ.

ಕೊನೆಯ ಆಕ್ಷೇಪ ನಾನು ಗೌರವಿಸುವ ಹುಡುಗರದು. ಅಲೆಮಾರಿಗಳ ಹಕ್ಕಿಗೆ ಓಡಾಡುವವರು ಅವರು. “ನೀವು ಪರದೆ ಕೊಟ್ಟು ಗುಡಾರವನ್ನು ಚೆಂದ ಮಾಡ್ತಿದ್ದೀರಿ. ಬೇಕಿರೋದು ಮನೆ. ಗುಡಾರ ಚೆಂದವಾದಷ್ಟೂ ಸೈಟು ದೂರ ಹೋಗುತ್ತೆ” ಎಂದರು. ಮನೆ ಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಅಲೆಮಾರಿ ಸಮುದಾಯಗಳ ಸ್ಥಿತಿಗತಿ ನೋಡಲು ಕೇಂದ್ರ ನೇಮಿಸಿದ ರೇಣಕೆ ಆಯೋಗ 2008ರಲ್ಲಿ ವರದಿ ಕೊಟ್ಟಿತು. ಆಗ ಹುಟ್ಟಿದ ಮಗು ಇವತ್ತು ಕಾಲೇಜಿಗೆ ಹೋಗುವ ವಯಸ್ಸಿನದು, ಆ ವಯಸ್ಸಿನ ಎಷ್ಟೋ ಮಕ್ಕಳು ಇನ್ನೂ ಗುಡಾರದಲ್ಲೇ ಇದ್ದಾರೆ. ಕಟ್ಟಡ ಕಾರ್ಮಿಕರಿಗೆ ಕೆಲಸದ ಜಾಗದಲ್ಲೋ ಅದರ ಹತ್ತಿರವೋ ಬಾಡಿಗೆಯಿಲ್ಲದ ವಸತಿ ಕೊಡಬೇಕು, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೊಠಡಿ ಒದಗಿಸಬೇಕು ಎಂದು 1996ರ ಕಾಯಿದೆಯೇ ಹೇಳಿತ್ತು. ಕಾಗದದ ಮೇಲೆ ಮನೆಯೂ ಇದೆ, ಶಿಶುಪಾಲನಾ ಕೊಠಡಿಯೂ ಇದೆ. ಅವು ನೆಲದ ಮೇಲೆ ಬರುವವರೆಗೆ ಹೋರಾಟ ನಡೆಯಲೇಬೇಕು, ಅರ್ಜಿಗೆ ನಾನೂ ಸಹಿ ಹಾಕುತ್ತೇನೆ.

ಆದರೆ ಹೋರಾಟದ ವರ್ಷಗಳೇ ಬೇರೆ, ಮಗುವಿನ ವರ್ಷಗಳೇ ಬೇರೆ. ಮೂರು ವರ್ಷದ ಮಗು ಸೈಟು ಮಂಜೂರಾಗುವವರೆಗೆ ಮೂರು ವರ್ಷದಲ್ಲೇ ನಿಂತಿರುವುದಿಲ್ಲ. ಅದರ ಮೆದುಳು ಬೆಳೆಯುವುದು ಈ ವರ್ಷದ ನಿದ್ದೆಯಲ್ಲಿ. ಒಂದು ಕಂಬಳಿ ಕೊಟ್ಟ ಮಾತ್ರಕ್ಕೆ ಯಾವ ಅಧಿಕಾರಿಯೂ ಇನ್ನು ಮನೆ ಬೇಕಿಲ್ಲ ಎನ್ನಲಾರ, ಅಂದರೆ ಎದುರು ನಿಂತು ಮಾತಾಡಲು ನೀವಿದ್ದೀರಿ. ಸೈಟಿಗಾಗಿ ಗುಡಾರಗಳ ಪಟ್ಟಿ ಮಾಡುವಾಗ ಅದೇ ಹಾಳೆಯಲ್ಲಿ ಇನ್ನೆರಡು ಪ್ರಶ್ನೆ ಸೇರಿಸಿ: ಇಲ್ಲಿ ಆರು ವರ್ಷದೊಳಗಿನ ಮಕ್ಕಳು ಎಷ್ಟು, ಯಾವ ದೀಪ ಅವರ ಮೇಲೆ ಬೀಳುತ್ತಿದೆ?

ಮುಂಗಾರು ಹತ್ತಿರ ಬಂದಾಗ ತುಮಕೂರಿನ ಸಂಘಗಳು, ಕಾರ್ಖಾನೆಗಳು, ಮಠಗಳ ಭಕ್ತರು, ಕಾಲೇಜಿನ ಹುಡುಗರು ಟಾರ್ಪಾಲು ಕೊಳ್ಳಲು ಅಂಗಡಿಗೆ ಹೋಗುತ್ತೀರಿ. ನೀಲಿಯ ಬದಲು ಹೊರಗೆ ಬಿಳಿ ಅಥವಾ ಬೆಳ್ಳಿ ಬಣ್ಣವಿದ್ದು ಒಳಗೆ ಕಪ್ಪಿರುವ ಹಾಳೆ ಕೇಳಿ. ಮಕ್ಕಳಿರುವ ಪ್ರತಿ ಗುಡಾರಕ್ಕೂ ಅದರ ಜೊತೆ ಒಂದು ಕರಿ ಕಂಬಳಿ, ಒಂದು ಸೊಳ್ಳೆಪರದೆ ಸೇರಿಸಿ. ಹಂಚಲು ಹಗಲು ಹೋಗಬೇಡಿ, ರಾತ್ರಿ ಎಂಟು ಗಂಟೆಗೆ ಹೋಗಿ. ಕಂಬದ ಬೆಳಕು ಎಲ್ಲಿ ಬೀಳುತ್ತಿದೆ ಎಂದು ಕಣ್ಣಾರೆ ನೋಡಿ ಬರೆದುಕೊಳ್ಳಿ, ಮಾರನೆಯ ಬೆಳಗ್ಗೆ ಆ ಕಂಬದ ನಂಬರು ಹಿಡಿದು ಪಂಚಾಯಿತಿಗೋ ಗುತ್ತಿಗೆದಾರನಿಗೋ ಒಂದು ತಗಡಿನ ಮರೆ ಕೇಳಿ.